ಒಂದೇ ಲೋಟದ ನೀರು

ಲೋಟವನ್ನು ಗಾಜಿನ ತಟ್ಟೆಯ ಮೇಲೆ ಮಗುಚಿ ಮೆಲ್ಲಗೆ ಎತ್ತಿದಳು. ಜೆಲ್ಲಿ ಲೋಟದ ಆಕಾರದಲ್ಲೇ ನಿಂತು, ಒಂದು ಸಲ ನಡುಗಿ, ತನ್ನ ಭಾರಕ್ಕೆ ತಾನೇ ತುಸು ಕುಸಿದು ಸುಮ್ಮನಾಯಿತು. ಎಷ್ಟು ಕುಸಿಯಿತೆಂದು ಅಳೆಯುವುದೇ ಅವಳ ಕೆಲಸ. ಕಮ್ಮಿ ಕುಸಿದರೆ ಜೆಲ್ಲಿಯನ್ನು ಗಟ್ಟಿ ನಿಲ್ಲಿಸುವ ಪೆಕ್ಟಿನ್ ಚೆನ್ನಾಗಿದೆ ಎಂದು ಲೆಕ್ಕ. ಜಾಸ್ತಿ ಕುಸಿದರೆ ಕಿತ್ತಳೆ ಸಿಪ್ಪೆ ಬೇಯುವಾಗ ಯಾರೋ ಉರಿ ಏರಿಸಿಟ್ಟು ಹರಟೆಗೆ ಕೂತಿದ್ದರು ಎಂದು ಲೆಕ್ಕ. ಇವತ್ತಿನದು ಅಚ್ಚುಕಟ್ಟಾಗಿ ನಿಂತಿತ್ತು. ನೋಡಿ ಅವಳಿಗೆ ಖುಷಿಯಾಯಿತು, ಚಪ್ಪಲಿಗೆ ಸಿಕ್ಕಿದ್ದ ಹರಳು ಉದುರಿದಾಗ ಆಗುವಷ್ಟು ಖುಷಿ. ಖುಷಿಯಾಗಿದೆ ಎಂದು ಗೊತ್ತಾದ ಕೂಡಲೇ ಹೆದರಿಕೆಯಾಯಿತು. ಕೆಲವು ವಾರಗಳ ಹಿಂದೆ ಹೀಗೆಯೇ ಸಿಟ್ಟು ವಾಪಸು ಬಂದಿತ್ತು. ಅದಕ್ಕೂ ಮೊದಲು ನಾಲಿಗೆಗೆ ಸಿಪ್ಪೆಯ ಕಹಿ, ಬೆರಳ ತುದಿಗೆ ಬಿಸಿ. ಊರಿಗೆ ಹೋದವರು ಒಬ್ಬೊಬ್ಬರಾಗಿ ಮರಳಿದ ಹಾಗೆ ಎಲ್ಲ ಬರುತ್ತಿದ್ದವು. ಬರಬೇಕಾದದ್ದು ಒಂದು ಮಾತ್ರ ಬಂದಿರಲಿಲ್ಲ. ಇವತ್ತು ಲ್ಯಾಬಿನವರು ಫೋನ್ ಮಾಡಿ ರಕ್ತ ಇನ್ನೂ ಸರಿಯಾಗಿಲ್ಲ ಎಂದರೆ ಅದಕ್ಕೆ ಇನ್ನಷ್ಟು ಕಾಲಾವಕಾಶ ಸಿಕ್ಕೀತು. ಸರಿಯಾಗಿದೆ ಎಂದುಬಿಟ್ಟರೆ, ಗಂಡನ ಮೇಲೆ ಏನೂ ಅನ್ನಿಸದೇ ಇರುವುದು ಕಾಯಿಲೆಯದಲ್ಲ, ಅವಳದೇ ಎಂದಾಗುತ್ತದೆ.

ಕಾರ್ಖಾನೆ ಕಿತ್ತಳೆ ರಸದ್ದು. ರಸ ಡಬ್ಬಿ ಸೇರಿ ಲಾರಿ ಹತ್ತುತ್ತಿತ್ತು, ಸಿಪ್ಪೆ ಹಿಂಭಾಗದ ಶೆಡ್ಡಿನಲ್ಲಿ ರಾಶಿ ಬಿದ್ದು ಕೊಳೆಯುತ್ತಿತ್ತು. ಕಸದಿಂದ ರಸ ತೆಗೆಯಬೇಕು ಎಂದು ಎಲ್ಲರೂ ಉಪದೇಶ ಮಾಡುತ್ತಾರೆ. ಇಲ್ಲಿನ ಮ್ಯಾನೇಜರು ರಸ ತೆಗೆದಾದ ಮೇಲೆ ಉಳಿದ ಕಸದಿಂದ ಆರೋಗ್ಯ ತೆಗೆಯಲು ಹೊರಟವನು. ಅವನು ಕನಸು ಕಾಣುವುದು, ಇವಳು ಕುದಿಸುವುದು, ಹೀಗೆ ಕೆಲಸ ಹಂಚಿಕೆಯಾಗಿತ್ತು. ಸಿಪ್ಪೆಯನ್ನು ಬಿಸಿನೀರಿನಲ್ಲಿ ತೊಳೆದು ಕಹಿ ಇಳಿಸಿ, ಹುಳಿ ಬೆರೆಸಿದ ನೀರಿನಲ್ಲಿ ಹದವಾಗಿ ಬೇಯಿಸಿ, ಬಟ್ಟೆಯಲ್ಲಿ ಸೋಸಿ, ಸೋಸಿದ ನೀರಿಗೆ ಸ್ಪಿರಿಟ್ ಸುರಿದರೆ, ಅಲ್ಲಿಯವರೆಗೆ ಕಣ್ಣಿಗೇ ಕಾಣದೆ ಕರಗಿಕೊಂಡಿದ್ದ ಪೆಕ್ಟಿನ್ ಬೆಳ್ಳಗೆ ಎಳೆಎಳೆಯಾಗಿ ಮೇಲೆದ್ದು ತೇಲುತ್ತದೆ. ಅದನ್ನು ಎತ್ತಿ, ಹಿಂಡಿ, ಒಣಗಿಸಿ, ಬೀಸಿದರೆ ಪುಡಿ. ಕೊಳ್ಳಲು ಬಂದವರ ಮುಂದೆ ಇವಳು ಒಪ್ಪಿಸುತ್ತಿದ್ದ ಪಾಠವೂ ಸಿದ್ಧವಾಗಿತ್ತು. ಇದು ಹಣ್ಣಿನದೇ ನಾರು, ನೀರು ಕುಡಿದು ಉಬ್ಬುತ್ತದೆ, ಬೇಗ ಹಸಿವಾಗಗೊಡುವುದಿಲ್ಲ, ಸಕ್ಕರೆಯನ್ನು ತಡೆದು ನಿಧಾನಕ್ಕೆ ಬಿಡುತ್ತದೆ, ಹೊಟ್ಟೆಯಲ್ಲಿ ಕೊಬ್ಬನ್ನು ಹಿಡಿದುಕೊಂಡು ತನ್ನ ಜೊತೆಗೇ ಹೊರಗೆ ಸಾಗಿಸುತ್ತದೆ. ಇದರದು ಉಡದ ಹಿಡಿತ ಎಂದು ಅವಳು ಹೇಳಿದಾಗ ಬಂದವರು ನಗುತ್ತಿದ್ದರು. ಹೀಗೆ ಊರಿಗೆಲ್ಲ ಹೇಳಿದವಳು, ದಿನಾ ಬೆಳಿಗ್ಗೆ ಹೊಸ ಪುಡಿಯ ರುಚಿ ನೋಡಲೆಂದು ಒಂದು ಚಮಚ ನೀರಿಗೆ ಕದಡಿ, ಎಷ್ಟೋ ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದ ಥೈರಾಯ್ಡಿನ ಮಾತ್ರೆಯನ್ನೂ ಅದೇ ನೀರಿನಲ್ಲಿ ನುಂಗುತ್ತಿದ್ದಳು. ಎರಡನ್ನೂ ಖಾಲಿ ಹೊಟ್ಟೆಗೇ ತೆಗೆದುಕೊಳ್ಳಬೇಕಿತ್ತು. ಎರಡು ಲೋಟ ಯಾಕೆ ತೊಳೆಯಬೇಕು ಎಂದು ಒಂದೇ ಲೋಟ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ. ಪುಡಿಯನ್ನು ಅಷ್ಟು ಬಲ್ಲವಳಲ್ಲದೆ ಬೇರೆ ಯಾರಾದರೂ ಆಗಿದ್ದರೆ ಅದನ್ನು ದಿನಾ ತಿನ್ನುತ್ತಲೇ ಇರಲಿಲ್ಲ, ಈ ಪಾಡೂ ಬರುತ್ತಿರಲಿಲ್ಲ.

ಮೊದಲು ಊದಿದ್ದು ಮುಖ. ಆಮೇಲೆ ಕಾಲು. ಕೂದಲು ಬಾಚಣಿಗೆಯಲ್ಲಿ ಕೈತುಂಬ ಬಂದಿತು. ಬೇಸಗೆಯಲ್ಲಿ ಸ್ವೆಟರ್ ಹಾಕಿಕೊಂಡು ಕುದಿಯುವ ಪಾತ್ರೆಯ ಹತ್ತಿರ ನಿಲ್ಲುತ್ತಿದ್ದಳು, ಅಲ್ಲಿದ್ದ ಹೆಂಗಸರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ವಯಸ್ಸು ಎಂದುಕೊಂಡಳು. ನಲವತ್ತಾರು ದಾಟಿದವಳಿಗೆ ಏನಾದರೂ ಆದರೆ ಹೀಗೆಂದುಕೊಳ್ಳುವುದು ಸುಲಭ, ಡಾಕ್ಟರ ಫೀಸೂ ಉಳಿಯುತ್ತದೆ. ಮ್ಯಾನೇಜರು ಮಾತ್ರ ಪೇಚಿಗೆ ಬಿದ್ದ. ನಮ್ಮ ಮೇಡಂ ದಿನಾ ಇದನ್ನೇ ತಗೊಳ್ಳೋದು ಎಂದು ಅವನು ಅವಳನ್ನು ಬಂದವರ ಮುಂದೆ ನಿಲ್ಲಿಸುತ್ತಿದ್ದ. ಈಗ ಮೇಡಂ ನಿಂತರೆ ಬಂದವರು ಮೇಡಮ್ಮಿನ ಗಲ್ಲವನ್ನೂ ಪುಡಿಯ ಡಬ್ಬಿಯನ್ನೂ ಒಂದಾದ ಮೇಲೊಂದು ನೋಡುತ್ತಿದ್ದರು. ಒಂದು ದಿನ ಅವನು ಬಹಳ ಮರ್ಯಾದೆಯಿಂದ, ನೀವು ಸ್ವಲ್ಪ ಹಿಂದೆ ನಿಂತ್ಕೊಳ್ಳಿ ಮೇಡಂ, ಲೈಟು ಸರಿಯಾಗಿ ಬೀಳ್ತಿಲ್ಲ, ಎಂದ. ಮುಂದೆ ನಿಂತವಳು ಲೆಕ್ಕದ ವಿಭಾಗದ ಹುಡುಗಿ, ಬಳ್ಳಿಯಂಥವಳು, ಪುಡಿಯನ್ನು ಒಂದು ಸಲವೂ ಬಾಯಿಗೆ ಹಾಕಿರದವಳು. ಆಗ ಅವಮಾನವಾಗಬೇಕಿತ್ತು. ಆಗಲಿಲ್ಲ. ಹಿಂದೆ ನಿಂತು ಕಿಟಕಿಯ ಗಾಜಿನ ಮೇಲಿನ ಒಣಗಿದ ನೀರಿನ ಕಲೆಗಳನ್ನು ನೋಡಿದಳು. ಆ ಅವಮಾನ ಆದದ್ದು ಎಷ್ಟೋ ದಿನಗಳ ಮೇಲೆ, ಮಾತ್ರೆ ಮೈಗೆ ಹತ್ತತೊಡಗಿದಾಗ, ಬಸ್ಸಿನಲ್ಲಿ ಕೂತಿದ್ದಾಗ. ತಡವಾಗಿ ಬಂದ ಬಿಲ್ಲಿನ ಹಾಗೆ ಇದ್ದಕ್ಕಿದ್ದಂತೆ ಬಂದು ಕಿವಿ ಬಿಸಿಯಾಯಿತು.

ಮುಖ ಊದಿದ್ದ ಆ ಕಾಲದಲ್ಲೇ ಒಂದು ಸಂಜೆ ಅವಳು ಗಂಡನಿಗೆ ಹೇಳಿದ್ದು. ಜಗಳವಾಗಿರಲಿಲ್ಲ. ಅವನೊಂದಿಗೆ ಜಗಳವಾಡುವುದು ಗೋಡೆಗೆ ತಲೆ ಚಚ್ಚಿಕೊಂಡಂತಲ್ಲ, ದಿಂಬಿಗೆ ಚಚ್ಚಿಕೊಂಡಂತೆ. ಅವನು ಕನ್ನಡಕದ ಅಂಗಡಿಯವನು. ಗಿರಾಕಿಯ ಕಣ್ಣಿನ ಮುಂದೆ ಒಂದೊಂದೇ ಗಾಜು ಇಟ್ಟು, ಇದು ಸ್ಪಷ್ಟವಾ, ಈಗ, ಮತ್ತೆ ಈಗ, ಎಂದು ತಾಳ್ಮೆಯಿಂದ ಕೇಳುವುದೇ ಅವನ ಕಸುಬು, ಮತ್ತು ಅವನ ಸ್ವಭಾವ. ಅವನು ಅವಳ ತಣ್ಣಗಿನ ಪಾದಗಳಿಗೆ ಎಣ್ಣೆ ತಿಕ್ಕುತ್ತ ಕೂತಿದ್ದ. ಅವನ ನೆತ್ತಿಯ ಕೂದಲು ತೆಳುವಾಗಿರುವುದನ್ನು ನೋಡುತ್ತ ಅವಳು, ಯಾರೋ ಬೇರೆಯವರ ವಿಷಯ ಹೇಳುವ ಹಾಗೆ, "ನಿಮ್ಮನ್ನ ನೋಡಿದ್ರೆ ನನಗೆ ಏನೂ ಅನ್ನಿಸ್ತಿಲ್ಲ" ಎಂದಳು. ಎಷ್ಟು ದಿನದಿಂದ ಎಂದು ಅವನು ಕೇಳಿದ. ಗೊತ್ತಿಲ್ಲ ಎಂದಳು. ಅವನು ಎಣ್ಣೆಯ ಬಟ್ಟಲನ್ನು ಗೋಡೆಯ ಪಕ್ಕ ಸರಿಸಿ, ಕೈ ಒರೆಸಿಕೊಂಡ. ಮರುದಿನ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಹೆಂಡತಿಗೆ ತನ್ನ ಮೇಲೆ ಪ್ರೀತಿ ಇಲ್ಲ ಎಂದರೆ ಲೋಕದ ಗಂಡಸರು ಏನೇನೋ ಮಾಡುತ್ತಾರೆ. ಇವನು ರಕ್ತಪರೀಕ್ಷೆ ಮಾಡಿಸಿದ. ಕುರುಡನ ಕಲ್ಲೂ ಒಮ್ಮೊಮ್ಮೆ ತಾಗುತ್ತದಲ್ಲ, ರಕ್ತದಲ್ಲಿ ಥೈರಾಯ್ಡ್ ನೆಲ ಕಚ್ಚಿತ್ತು.

ಡಾಕ್ಟರು ವಯಸ್ಸಾದ ಹೆಂಗಸು. ಮಾತ್ರೆ ತಪ್ಪಿಸುತ್ತಿದ್ದೀರಾ ಎಂದಳು, ಇಲ್ಲ ಎಂದಳು ಇವಳು. ಹೇಗೆ ತೆಗೆದುಕೊಳ್ಳುತ್ತೀರಿ ಎಂದಳು, ಇವಳು ಲೋಟದ ವಿಷಯ ಹೇಳಿದಳು. ಪುಡಿ ಮಾತ್ರೆಯನ್ನೂ ಹಿಡಿದುಕೊಂಡೇ ಹೊರಗೆ ಹೋಗುತ್ತಿತ್ತೆಂದು ಹೇಳುತ್ತ ಹೇಳುತ್ತಲೇ ಅರ್ಥವಾಗಿ, ಮಧ್ಯದಲ್ಲೇ ಮಾತು ನಿಲ್ಲಿಸಿದಳು. "ಮಾತ್ರೆ ನಿಮ್ಮ ಹೊಟ್ಟೆಗೆ ಹೋಗಿದೆಯಮ್ಮ, ನಿಮಗೆ ಸಿಕ್ಕಿಲ್ಲ ಅಷ್ಟೆ," ಎಂದು ಡಾಕ್ಟರು ನಕ್ಕಳು. ಮುಖ ಊದುವುದು, ಚಳಿ, ಕೂದಲು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು, ಎಲ್ಲ ಅದರಿಂದಲೇ. ಪುಡಿ ಬಿಡಿ, ಇಲ್ಲವೇ ಮಾತ್ರೆ ನುಂಗಿದ ಮೇಲೆ ಹೊತ್ತು ಬಿಟ್ಟು ತೆಗೆದುಕೊಳ್ಳಿ, ಸರಿಹೋಗುತ್ತದೆ. ಎಲ್ಲಾನಾ ಡಾಕ್ಟ್ರೇ ಎಂದು ಕೇಳಿದವನು ಗಂಡ. ಎಲ್ಲ ಎಂದಳು ಡಾಕ್ಟರು, ಅವನು ಯಾವುದನ್ನು ಕೇಳುತ್ತಿದ್ದಾನೆಂದು ಅವಳಿಗೇನು ಗೊತ್ತು. ಹೊರಗೆ ಬಂದವನೇ ಅವನು ಬೀದಿಯಲ್ಲಿ ನಿಂತು ಜೋರಾಗಿ ನಕ್ಕುಬಿಟ್ಟ. "ಅಯ್ಯೋ, ಬರೀ ಸಿಪ್ಪೆ ಕಣೇ," ಎಂದ. ಅವನ ಕಣ್ಣಲ್ಲಿ ನೀರಿತ್ತು. ಅವಳೂ ನಗಬೇಕೆಂದು ಬಾಯಿ ಅಗಲಿಸಿದಳು, ಊದಿದ ಕೆನ್ನೆ ಎಳೆದಂತಾಯಿತು.

ಅವತ್ತಿನಿಂದ ಬೆಳಗಾದರೆ ಅವನೇ ಮಾತ್ರೆ, ಅವನೇ ನೀರು. ಪುಡಿಯ ಡಬ್ಬಿಯನ್ನು ಅಟ್ಟದ ಮೇಲೆ ಎಸೆದಿದ್ದ. ಮಾತ್ರೆ ನುಂಗಿಸಿ, ಎದುರಿಗೆ ಕೂತು, ಹಾಲು ಉಕ್ಕಿ ಬಂತೇ ಎಂದು ನೋಡುವವನ ಹಾಗೆ ಅವಳ ಮುಖವನ್ನೇ ನೋಡುತ್ತಿದ್ದ. ಬಾಯಿ ಬಿಟ್ಟು ಕೇಳಿದ್ದು ಕಡಿಮೆ, ಕೇಳಿದರೂ ಅಂಗಡಿಯಲ್ಲಿ ಕೇಳುವ ಹಾಗೆಯೇ, "ಈಗ?" ಎಂದಷ್ಟೆ. ಸ್ವಲ್ಪ ಪರವಾಗಿಲ್ಲ ಎನ್ನುತ್ತಿದ್ದಳು. ಅದು ಸುಳ್ಳೂ ಅಲ್ಲ, ಮುಖ ಇಳಿದಿತ್ತು, ಸ್ವೆಟರ್ ಪೆಟ್ಟಿಗೆ ಸೇರಿತ್ತು. ಸೊಸೆಗೆ ಕಳೆ ಬಂತು ಎಂದು ಅತ್ತೆ ಎಲ್ಲರಿಗೂ ಸಾರುತ್ತಿದ್ದಳು. ಕಿವಿ ಮಂದ, ಹಾಗಾಗಿ ಸಾರುವುದು ಬೀದಿಯ ಕೊನೆಯವರೆಗೂ ಕೇಳುತ್ತಿತ್ತು. ರಾತ್ರಿ ಅವನು ಪಕ್ಕದಲ್ಲಿ ನಿದ್ದೆಹೋದ ಮೇಲೆ ಅವಳು ಪ್ರಾಮಾಣಿಕವಾಗಿಯೇ ಹುಡುಕುತ್ತಿದ್ದಳು. ಅವನ ಉಸಿರು ಕೇಳಿಸಿಕೊಂಡಳು. ಕೈ ಮುಟ್ಟಿ ನೋಡಿದಳು. ಕೆಟ್ಟವನೆಂದು ಹಗೆ ಇಲ್ಲ, ಬೇಜಾರೂ ಇಲ್ಲ, ಇನ್ನೊಬ್ಬನ ಮೇಲೆ ಮನಸ್ಸಿಲ್ಲ. ಯಾವುದಾದರೂ ಒಂದಿದ್ದಿದ್ದರೆ ಹೇಳಿಕೊಳ್ಳುವುದಕ್ಕಾದರೂ ಆಗುತ್ತಿತ್ತು. ತಪ್ಪು ಮಾಡದ ಗಂಡನನ್ನು ಪ್ರೀತಿಸದೇ ಇರುವುದಕ್ಕೆ ಯಾವ ಹೆಂಗಸಿನ ಹತ್ತಿರವೂ ಉತ್ತರವಿರುವುದಿಲ್ಲ. ರಕ್ತ ಪೂರ್ತಿ ಸರಿಯಾಗಲಿ, ಆಮೇಲೆ ನೋಡೋಣ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅವನೂ ಹಾಗೆಯೇ ಹೇಳುತ್ತಿದ್ದ.

ಇವತ್ತು ಮ್ಯಾನೇಜರು ಒಳಗೆ ಬಂದು ತಟ್ಟೆಯ ಮೇಲಿನ ಜೆಲ್ಲಿಯನ್ನು ಬೆರಳಿನಿಂದ ಚುಚ್ಚಿ, ಅದು ನಡುಗಿದ್ದನ್ನು ನೋಡಿ ಸಂತೋಷಪಟ್ಟ. ಪೊಟ್ಟಣದ ಮಾದರಿ ತಂದಿದ್ದ. ಮೇಲೆ ಕಿತ್ತಳೆ ಹಣ್ಣು, ಓಡುತ್ತಿರುವ ಹೆಂಗಸು. ಇವಳು ಹೇಳಿದ್ದ ಮಾತು, ಯಾವುದೇ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿ, ಹೊತ್ತು ಬಿಟ್ಟು ಇದನ್ನು ಬಳಸಬೇಕು ಎಂಬುದು, ಪೊಟ್ಟಣದ ಬುಡದಲ್ಲಿ ಇರುವೆ ಸಾಲಿನಂತೆ ಇತ್ತು. ದೊಡ್ಡದಾಗಿ ಹಾಕಿ ಎಂದು ಹೋದ ವಾರವೇ ಹೇಳಿದ್ದಳು. ಅಷ್ಟು ದೊಡ್ಡದಾಗಿ ಹಾಕಿದರೆ ಆರೋಗ್ಯದ ಪುಡಿ ಅಂತ ಯಾರು ನಂಬುತ್ತಾರೆ, ವಿಷದ ಬಾಟಲಿ ಅಂದುಕೊಳ್ಳುತ್ತಾರೆ, ಎಂದು ಅವನ ವಾದ. ಓದೋಕೆ ಆಗಲ್ಲ ಇದು ಎಂದಳು. ಕನ್ನಡಕ ಇದೆಯಲ್ಲ ಮೇಡಂ, ನಿಮ್ಮ ಮನೆಯವರ ವ್ಯಾಪಾರಾನೂ ಆಗುತ್ತೆ, ಎಂದು ತನ್ನ ಜೋಕಿಗೆ ತಾನೇ ನಕ್ಕ. ಅವಳಿಗೆ ಸಿಟ್ಟು ಬಂತು, ನಿಜವಾದ ಬಿಸಿ ಸಿಟ್ಟು. ಇದು ಹೀಗೇ ಅಚ್ಚಾಗುವುದಾದರೆ ಪುಡಿಗೆ ನನ್ನ ಒಪ್ಪಿಗೆ ಇಲ್ಲ ಎಂದಳು. ಅವನು ನಗು ನಿಲ್ಲಿಸಿ, ಅವಳು ಇಷ್ಟು ಪೂರ್ತಿ ಗುಣವಾಗದಿದ್ದರೇ ಚೆನ್ನಾಗಿತ್ತೇನೋ ಎಂಬಂತೆ ನೋಡಿ, ಸಂಜೆ ಮಾತಾಡೋಣ ಎಂದು ಹೋದ.

ಫೋನ್ ಬಂದದ್ದು ಅವನು ಹೋದ ಸ್ವಲ್ಪ ಹೊತ್ತಿಗೆ. ಲ್ಯಾಬಿನ ಹುಡುಗಿಯ ದನಿ ಏನನ್ನೋ ಅಗಿಯುತ್ತಿತ್ತು. ಹೆಸರು, ವಯಸ್ಸು ಕೇಳಿ ಖಾತ್ರಿ ಮಾಡಿಕೊಂಡು, ಎಲ್ಲ ನಾರ್ಮಲ್ ಇದೆ ಮೇಡಂ, ಎಂದಳು. ಪೂರ್ತಿನಾ ಎಂದು ಕೇಳಿದಳು ಇವಳು. ಪೂರ್ತಿ, ಮಧ್ಯಕ್ಕೆ ಸರಿಯಾಗಿದೆ, ಇದಕ್ಕಿಂತ ನಾರ್ಮಲ್ ಇರೋಕೆ ಆಗಲ್ಲ, ಎಂದು ಹುಡುಗಿ ಅಭಿನಂದಿಸುವಂತೆ ಹೇಳಿದಳು. ಇವಳು ಥ್ಯಾಂಕ್ಸ್ ಎಂದಳು. ಫೋನ್ ಕೆಳಗಿಟ್ಟು ನಲ್ಲಿ ತಿರುಗಿಸಿ ಕೈ ತೊಳೆದಳು. ಕೈ ಕೊಳೆಯಾಗಿರಲಿಲ್ಲ. ಒರೆಸಿಕೊಂಡು ಮತ್ತೆ ತೊಳೆದಳು. ಪಕ್ಕದ ಶೆಡ್ಡಿನಲ್ಲಿ ಹೆಂಗಸರು ದೊಡ್ಡ ಪಾತ್ರೆಯಿಂದ ಬೆಳ್ಳನೆಯ ಪೆಕ್ಟಿನ್ನನ್ನು ಜಾಲರಿಯಲ್ಲಿ ಎತ್ತಿ ಹಿಂಡುತ್ತಿದ್ದರು, ಸ್ಪಿರಿಟ್ಟಿನ ವಾಸನೆ ಬಾಗಿಲ ಸಂದಿಯಿಂದ ಬರುತ್ತಿತ್ತು, ಯಾರೋ ಯಾರನ್ನೋ ಗೇಲಿ ಮಾಡಿ ನಗುತ್ತಿದ್ದರು. ಮನಸ್ಸು ಎಲ್ಲಿಗೂ ಹೋಗಲಿಲ್ಲ. ಮುಂದಿನ ಲೋಟ ಮಗುಚಿ, ಎತ್ತಿ, ಅಳೆದಳು. ಸಂಜೆ ಮ್ಯಾನೇಜರು ಬಂದು ಏನಂತೀರಿ ಮೇಡಂ ಎಂದಾಗ ಅವನು ಯಾವುದರ ಬಗ್ಗೆ ಕೇಳುತ್ತಿದ್ದಾನೆಂದು ಒಂದು ಗಳಿಗೆ ಹೊಳೆಯಲೇ ಇಲ್ಲ. ನಿಮಗೆ ತೋಚಿದ ಹಾಗೆ ಮಾಡಿ ಎಂದಳು. ಅವನು ತಬ್ಬಿಬ್ಬಾದ, ಜಗಳಕ್ಕೆ ತಯಾರಾಗಿ ಬಂದಿದ್ದ. ಹಾಗೆ ಅವಳ ಕಣ್ಣೆದುರಿಗೇ ಇರುವೆ ಸಾಲು ಇರುವೆ ಸಾಲಾಗಿಯೇ ಉಳಿಯಿತು. ತನ್ನಂಥವಳೇ ಇನ್ನೊಬ್ಬಳು ಎಲ್ಲೋ ಅಡುಗೆಮನೆಯಲ್ಲಿ ಒಂದೇ ಲೋಟ ಹಿಡಿದು ನಿಲ್ಲುತ್ತಾಳೆ ಎಂದು ಗೊತ್ತಿತ್ತು. ಗೊತ್ತಿದ್ದೂ ಚೀಲ ಹೆಗಲಿಗೇರಿಸಿದಳು.

ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಲೆಕ್ಕ ಹಾಕಲು ಇಷ್ಟವಿರಲಿಲ್ಲ, ಆದರೆ ಲೆಕ್ಕ ತಾನಾಗಿ ಆಗಿಹೋಯಿತು. ಪುಡಿ ಶುರುವಾದದ್ದು ಹೋದ ವರ್ಷ. ಮಾವ ಸತ್ತದ್ದು ಅದಕ್ಕಿಂತ ಎಷ್ಟೋ ಮೊದಲು. ಆಸ್ಪತ್ರೆಯಿಂದ ಬಂದ ಗಂಡ ಅಡುಗೆಮನೆಯ ಬಾಗಿಲು ಹಿಡಿದು ನಿಂತು, ಅಪ್ಪ ಹೋದ ಕಣೇ, ಎಂದು ಮಗುವಿನಂತೆ ಬಿಕ್ಕಿದ್ದ. ಅವನ ಭಾರಕ್ಕೆ ಬಾಗಿಲು ಹಿಂದೆ ಮುಂದೆ ಆಡುತ್ತಿತ್ತು, ತಿರುಗಣಿ ಕಿರ್ ಎನ್ನುತ್ತಿತ್ತು, ಇದಕ್ಕೆ ಒಂದು ತೊಟ್ಟು ಎಣ್ಣೆ ಬಿಡಬೇಕು ಎಂದು ಅವಳು ಯೋಚಿಸುತ್ತ ನಿಂತಿದ್ದಳು. ಆಮೇಲೆ ಹೋಗಿ ಅವನ ಬೆನ್ನು ಸವರಿದ್ದಳು, ಸವರಬೇಕೆಂದು ಗೊತ್ತಿದ್ದುದರಿಂದ. ಆಗ ಮಾತ್ರೆ ಸರಿಯಾಗಿಯೇ ಮೈಗೆ ಹತ್ತುತ್ತಿತ್ತು. ಆಗ ಲೋಟದಲ್ಲಿ ಪುಡಿ ಇರಲಿಲ್ಲ, ಬರೀ ನೀರು. ಈ ನೆನಪನ್ನು ಇಷ್ಟು ದಿನ ಸಿಪ್ಪೆಯ ರಾಶಿಯ ಅಡಿಯಲ್ಲಿ ಹೂತಿಟ್ಟು, ಡಾಕ್ಟರು ಹೇಳಿದ್ದನ್ನು ಗಂಡನಿಗಿಂತ ಹೆಚ್ಚಾಗಿ ತಾನೇ ನಂಬಿದ್ದಳು. ಕಾಯಿಲೆ ಎಷ್ಟು ಒಳ್ಳೆಯದು, ಅದರಲ್ಲಿ ಯಾರದೂ ತಪ್ಪಿಲ್ಲ. ಬಸ್ಸು ನಿಂತಲ್ಲಿ ಪಕ್ಕದವಳು ಇಳಿಯಲು ದಾರಿ ಕೇಳಿದಳು, ಇವಳು ಕಾಲು ಮಡಿಸಿಕೊಂಡಳು. ಮನೆಗೆ ಹೋಗಿ ನಿಜ ಹೇಳುವುದು ಎಂದುಕೊಂಡಳು. ಅದು ತೀರ್ಮಾನವೂ ಆಗಿರಲಿಲ್ಲ. ಬರುವ ನಿಲ್ದಾಣದಲ್ಲಿ ಇಳಿಯಬೇಕು ಎನ್ನುವ ಹಾಗಿತ್ತು.

ಗಂಡ ಆಗಲೇ ಅಂಗಡಿ ಮುಚ್ಚಿಕೊಂಡು ಬಂದಿದ್ದ. ಒಳಕೋಣೆಯಲ್ಲಿ ಅತ್ತೆ ರೇಡಿಯೋವನ್ನು ಅದರ ಗಂಟಲು ಹರಿಯುವಷ್ಟು ಜೋರಾಗಿ ಹಾಕಿಕೊಂಡು ಕೂತಿದ್ದಳು. ಅವನು ಊಟದ ಮೇಜಿನ ಮೇಲೆ ಬಟ್ಟೆ ಹಾಸಿ, ಯಾರದೋ ಕನ್ನಡಕದ ಕಾಲು ಬಿಚ್ಚಿ, ಸಾಸಿವೆಗಿಂತ ಸಣ್ಣ ತಿರುಪನ್ನು ಕೂರಿಸುತ್ತಿದ್ದ. ಬಂದೆಯಾ ಎಂದ. ಅವಳು ಚೀಲ ಇಟ್ಟಳು. ದಿನಾ ಮುಖವನ್ನೇ ನೋಡುವವನು ಇವತ್ತು ತಿರುಪನ್ನೇ ನೋಡುತ್ತಿದ್ದ. ನೀರು ಕುಡಿದು ಬಂದು ಎದುರಿಗೆ ಕೂತಳು. ಅವನ ಕೈಯಿಂದ ತಿರುಪು ಎರಡು ಸಲ ಜಾರಿ ಬಟ್ಟೆಯ ಮೇಲೆ ಬಿತ್ತು. ಬಾಯಿ ತೆರೆದಾಗ ಏನು ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

"ಲ್ಯಾಬಿಂದ ಫೋನ್ ಬಂದಿತ್ತು," ಎಂದಳು. "ಇನ್ನೂ ಕಮ್ಮಿನೇ ಇದೆಯಂತೆ."

ಅವನು ತಲೆ ಎತ್ತಲಿಲ್ಲ. "ತುಂಬಾ ಕಮ್ಮಿನಾ?"

"ತುಂಬಾ ಏನಿಲ್ಲ. ಇನ್ನೂ ಸ್ವಲ್ಪ ದಿನ ಬೇಕಂತೆ."

ಎಷ್ಟು ಸಲೀಸಾಗಿ ಬಂತು ಎಂದು ಅವಳಿಗೇ ಆಶ್ಚರ್ಯ. ಅವನು ತಿರುಪನ್ನು ಬಟ್ಟೆಯಿಂದ ಆರಿಸಿಕೊಂಡು, ಈ ಸಲ ಸರಿಯಾಗಿ ಕೂರಿಸಿ, ಬಿಗಿಮಾಡಿ, ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿದ. ಭುಜ ಸಡಿಲವಾಯಿತು. ದೊಡ್ಡದಾಗಿ ಉಸಿರು ಬಿಟ್ಟ.

"ಬೆಳಿಗ್ಗೆನೇ ಅಂಗಡಿಗೆ ಫೋನ್ ಮಾಡಿದ್ರು," ಎಂದ. "ನನ್ನ ನಂಬರೂ ಕೊಟ್ಟಿದ್ವಲ್ಲ. ಎಲ್ಲ ಸರಿಯಾಗಿದೆ ಅಂದ್ರು. ನಾನೇ ಹೇಳ್ದೆ, ನನಗೆ ಹೇಳಿದ್ದು ಹೇಳ್ಬೇಡಿ, ಅವಳಿಗೆ ನೀವೇ ಹೇಳಿ ಅಂತ."

ರೇಡಿಯೋದಲ್ಲಿ ಯಾರೋ ನಾಳೆಯ ಹವೆ ಹೇಗಿರುತ್ತದೆಂದು ಹೇಳುತ್ತಿದ್ದರು. ಅವಳು ಮೇಜಿನ ಅಂಚನ್ನು ಹಿಡಿದುಕೊಂಡಳು.

"ನೀನು ನಿಜ ಹೇಳಿಬಿಡ್ತೀಯೇನೋ ಅಂತ ಬೆಳಿಗ್ಗೆಯಿಂದ ಜೀವ ಕೈಲಿ ಹಿಡ್ಕೊಂಡಿದ್ದೆ," ಎಂದ ಅವನು. ಈಗ ತಲೆ ಎತ್ತಿದ್ದ. ಮುಖದಲ್ಲಿ ಸಿಟ್ಟಿರಲಿಲ್ಲ, ಸೋತ ಒಂದು ನಗುವಿತ್ತು, ಗಿರಾಕಿಗೆ ರಿಯಾಯಿತಿ ಕೊಡುವಾಗಿನದು. "ಇರ್ಲಿ ಬಿಡು. ಇನ್ನೂ ಎಷ್ಟು ದಿನ ಕಮ್ಮಿ ಇದೆ ಅಂತ ಇಟ್ಕೊಳ್ಳೋಣ, ಹೇಳು."

ಅವಳಿಗೆ ನಾಚಿಕೆಯಾಯಿತು. ಮುಖ, ಕತ್ತು, ಅಂಗೈ, ಎಲ್ಲ ಕಡೆ ಆಯಿತು. ಇಷ್ಟು ದಿನ ಮಲಗಿದಲ್ಲಿ ಹುಡುಕಿ ಹುಡುಕಿಯೂ ಏನೂ ಸಿಗದಿದ್ದವಳಿಗೆ, ಇವನ ಎದುರಿಗೆ, ಇವನಿಂದಾಗಿಯೇ, ಏನೋ ಒಂದು ಆಗುತ್ತಿತ್ತು. ಇದನ್ನೇ ಪ್ರೀತಿ ಎಂದು ಅವನ ಕೈಗಿಟ್ಟುಬಿಡಬಹುದು, ಅವನು ತಿರುಗಿಸಿ ನೋಡದೆ ತೆಗೆದುಕೊಳ್ಳುತ್ತಾನೆ, ಬದುಕಿಡೀ ಜೋಪಾನ ಮಾಡುತ್ತಾನೆ. ಅಷ್ಟೂ ಅವಳಿಗೆ ಸ್ಪಷ್ಟವಾಗಿ ಕಂಡಿತು. ಅವನು ಕಾಯುತ್ತಿದ್ದ.

"ಬೇಡ," ಎಂದಳು. "ಇಟ್ಕೊಳ್ಳೋದು ಬೇಡ. ನನಗೆ ಏನೂ ಆಗಿಲ್ಲ, ನಾನು ಇರೋದೇ ಹೀಗೆ."

ಅವನು ಹ್ಞೂಂ ಎಂದ. ಕೈಯಲ್ಲಿದ್ದ ಕನ್ನಡಕವನ್ನು ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. ಕಣ್ಣಿನಿಂದ ಇಳಿದದ್ದು ಗಾಜಿನ ಮೇಲೆಯೇ ಬಿದ್ದಾಗ ಒರೆಸುವುದನ್ನು ನಿಲ್ಲಿಸಿದ. ಅವಳು ಎದ್ದು ಹೋಗಿ ಅವನ ಪಕ್ಕದಲ್ಲಿ ಕೂತಳು. ಬೆನ್ನು ಸವರಲಿಲ್ಲ. ಅವಳಿಗೂ ಅಳು ಬಂತು, ತಡೆಯಲಾಗದೆ. ಅದು ಅವನು ಕಾದಿದ್ದದ್ದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಒಳಗಿನಿಂದ ಅತ್ತೆ, ರಿಪೋರ್ಟು ಏನಾಯ್ತು ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ಕೇಳಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಸರಿಯಾಗಿದೆಯಂತೆ ಅಮ್ಮ," ಎಂದು ಅವನೇ ಕೂಗಿ ಹೇಳಿದ.